ಕಣ್ಣಿಗೆ ಕಾಣದ ಗಂಧೆ ಕೈಗೆ ಸಿಕ್ಕಿತು

ಈಗ ನೀವು ನೋಡುತ್ತಿರುವುದು ನನ್ನ ಮಗಳ ಬೆನ್ನು. ಹೋದ ಏಪ್ರಿಲ್‌ನಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಫೋನಿನಲ್ಲಿ ತೆಗೆದದ್ದು. ಏನೂ ಕಾಣಿಸುತ್ತಿಲ್ಲ, ಅಲ್ವಾ? ನನಗೂ ಕಾಣಿಸಿರಲಿಲ್ಲ. ಅವಳು ಮಾತ್ರ ಕೆರೆದುಕೊಂಡು ಅಳುತ್ತಲೇ ಇದ್ದಳು.

ಫೋನಿನಲ್ಲಿ ಹುಡುಕಿದೆ. ಬಂದ ಚಿತ್ರಗಳೆಲ್ಲ ಬಿಳಿ ಮಕ್ಕಳದ್ದು. ಆ ಮೈಮೇಲೆ ದದ್ದು ಕೆಂಪಗೆ ಎದ್ದು ಕಾಣುತ್ತದೆ. ನನ್ನ ಮಗಳದು ಎಣ್ಣೆಗಪ್ಪು. ನಮ್ಮ ಮಕ್ಕಳ ಮೈಮೇಲೆ ಅದೇ ದದ್ದು ಕಂದಾಗಿ, ನೇರಳೆಯಾಗಿ, ಕೆಲವೊಮ್ಮೆ ಸುಮ್ನೆ ಒಂಚೂರು ಕಪ್ಪಾಗಿ ಕಾಣಬಹುದು.

ಅಷ್ಟರಲ್ಲಿ ಅತ್ತೆ ಬಂದು ಬೆನ್ನ ಮೇಲೆ ಕೈಯಾಡಿಸಿದರು. "ಪಿತ್ತಗಂಧೆ ಕಣಮ್ಮಾ, ಮುಟ್ಟಿ ನೋಡು" ಎಂದರು. ಹೌದು, ದಪ್ಪ ದಪ್ಪ ಗಂಧೆ. ಬೆಳಿಗ್ಗೆ ನೋಡಿದರೆ ಬೆನ್ನಿನದು ಮಾಯ, ತೊಡೆಯ ಮೇಲೆ ಹೊಸದು. ಹೀಗೆ ಜಾಗ ಬದಲಾಯಿಸುವುದೇ ಅದರ ಗುರುತು ಎಂದರು ಮಕ್ಕಳ ಡಾಕ್ಟರ್. ಒಂದೊಂದು ಗಂಧೆ ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿಯುತ್ತದಂತೆ. ಆದರೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಲೇಬಾರದು.

ನಮ್ಮ ಕಡೆ ಮೈಮೇಲೆ ಏನೆದ್ದರೂ "ಅಮ್ಮ ಆಗಿದೆ" ಎಂದುಬಿಡುತ್ತಾರೆ. ದಡಾರ ಬೇರೆ, ಸೀತಾಳೆ ಸಿಡುಬು ಬೇರೆ. ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು. ಮೂರ್ನಾಲ್ಕು ದಿನವಾದ ಮೇಲೆ ಕಿವಿಯ ಹಿಂದೆ, ಮುಖದ ಮೇಲೆ ದದ್ದು ಶುರುವಾಗಿ ಕೆಳಗಿಳಿಯುತ್ತದೆ. ಸೀತಾಳೆಯದು ನೀರು ತುಂಬಿದ ಗುಳ್ಳೆ. ಒಂದು ಏಳುತ್ತಿರುವಾಗಲೇ ಇನ್ನೊಂದು ಒಡೆದು ಹಕ್ಕಳೆಯಾಗಿರುತ್ತದೆ. ಹುಳುಕಡ್ಡಿ ಬಳೆಯಂತೆ ಅಂಚುಕಟ್ಟಿ ಹರಡುತ್ತದೆ. ಅದಕ್ಕೆ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಬೇಡಿ, ದಯವಿಟ್ಟು. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ಇಳಿದಂತೆ ಅನಿಸುತ್ತದೆ, ಹುಳುಕಡ್ಡಿ ಒಳಗೊಳಗೇ ಜಾಸ್ತಿಯಾಗುತ್ತದೆ.

ಈಗ ಈ ಲೋಟ ನೋಡಿ. ಸ್ಟೀಲಿನದಲ್ಲ, ಗಾಜಿನದು. ಜ್ವರದ ಜೊತೆ ಸಣ್ಣ ಚುಕ್ಕೆಗಳೆದ್ದರೆ ಲೋಟದ ಪಕ್ಕವನ್ನು ಅವುಗಳ ಮೇಲೆ ಹೀಗೆ ಗಟ್ಟಿಯಾಗಿ ಒತ್ತಿ. ಗಾಜಿನ ಕೆಳಗೂ ಚುಕ್ಕೆ ಮಾಸದಿದ್ದರೆ ಅದು ಚರ್ಮದೊಳಗೆ ಸೋರಿದ ರಕ್ತ. ಡೆಂಗಿ ಇರಬಹುದು, ಮಿದುಳು ಜ್ವರ ಇರಬಹುದು. ತಕ್ಷಣ ಆಸ್ಪತ್ರೆಗೆ ಹೊರಡಿ. ಕಪ್ಪು ಮೈಯಾದರೆ ಅಂಗೈ, ಅಂಗಾಲು, ಹೊಟ್ಟೆ, ಕಣ್ಣರೆಪ್ಪೆಯ ಒಳಭಾಗ ನೋಡಿ.

ಚುಕ್ಕೆ ಮಾಸಿತು, ಆದರೆ ಮಗು ಮಂಕಾಗಿದೆ, ನೀರೂ ಕುಡಿಯುತ್ತಿಲ್ಲ. ಆಗ ಲೋಟದ ಮಾತು ಕೇಳಬೇಡಿ. ಆಗಲೂ ಹೊರಡಿ.