ಶ್ವಾನದಳ ಬರುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ. ಪೊಲೀಸ್ ಶ್ವಾನದಳದಲ್ಲಿ ನಾಯಿ ಹಿಡಿದು ಓಡಿದವನು ನಾನು, ಮೈಕಿನ ಮುಂದೆ ಕೂತು ಅಭ್ಯಾಸವಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಳ್ಳತನವಾದರೆ ಏನನ್ನೂ ಮುಟ್ಟಬೇಡಿ. 112ಕ್ಕೆ ಫೋನ್ ಮಾಡಿ, ಹೊರಗೆ ಬಂದು ನಿಂತುಕೊಳ್ಳಿ.

ಯಾಕೆ ಅಂತೀರಾ? ನಾವು ಓಡಾಡಿದ ಕಡೆಯೆಲ್ಲ ಚರ್ಮದ ಸಣ್ಣ ಸಣ್ಣ ಚೂರುಗಳು ಉದುರುತ್ತಾ ಇರುತ್ತವೆ. ನಮ್ಮ ಕಣ್ಣಿಗೆ ಕಾಣಲ್ಲ, ನಾಯಿಯ ಮೂಗಿಗೆ ಸಿಗುತ್ತವೆ. ಕಳ್ಳ ಮುಟ್ಟಿದ ವಸ್ತು ಮೂಸಿಸಿದರೆ ಅದೇ ವಾಸನೆ ಹಿಡಿದು ಹೊರಡುತ್ತದೆ. ಬಿಸಿಲೇರಿದರೆ, ಜನ ತುಳಿದರೆ ಜಾಡು ಕೆಡುತ್ತದೆ.

ಜಯನಗರದ ಕಡೆ ಒಂದು ಮನೆ. ಬೆಳಗಿನ ಜಾವ ಕಳ್ಳತನ. ನಾವು ಹೋಗಿ ಬಾಗಿಲು ದಾಟಿದರೆ ಗಪ್ಪಂತ ಫಿನಾಯಿಲ್ ವಾಸನೆ! "ಅಯ್ಯೋ ಸಾರ್, ಇಷ್ಟು ಜನ ಬರ್ತೀರ ಅಂತ ಗೊತ್ತಿತ್ತು. ಹಾಳಾದವನು ಮನೆಯೆಲ್ಲ ರಾಡಿ ಮಾಡಿ ಹೋಗಿದ್ದ, ಗುಡಿಸಿ ಒರೆಸಿಬಿಟ್ಟೆ" ಅಂದರು ಮನೆಯಾಕೆ. ಬೀರುವಿನಿಂದ ಅವನು ಎಳೆದು ಬಿಸಾಕಿದ್ದ ಸೀರೆಗಳೂ ಮಡಿಚಿ ಒಳಗೆ ಹೋಗಿದ್ದವು. ಬಾಗಿಲ ಮುಂದೆ ರಂಗೋಲಿ ಬೇರೆ! ನಮ್ಮ ಡಾಬರ್‌ಮನ್ ಹೊಸ್ತಿಲಿಗೆ ಮೂಗಿಟ್ಟು ಸೀನಿತು. ಮತ್ತೆ ಸೀನಿತು. ಮುಂಗಾಲಲ್ಲಿ ಮೂಗು ಉಜ್ಜಿಕೊಂಡು ನನ್ನ ಮುಖ ನೋಡಿತು. ಪಕ್ಕದ ಮನೆಯವರೊಬ್ಬರು, "ಏನ್ ಸಾರ್, ಇದಕ್ಕೆ ಟ್ರೈನಿಂಗ್ ಆಗಿಲ್ವಾ?" ಅಂದರು. ಏನು ಹೇಳೋದು! ಕೊನೆಗೆ ಹಿತ್ತಲಲ್ಲಿ ಸೀಬೆ ಗಿಡದ ಕೆಳಗೆ ಕಳ್ಳ ಬಿಟ್ಟುಹೋದ ಟವೆಲ್ ಸಿಕ್ಕಿತು. ಅಲ್ಲಿಗೆ ಆ ತಾಯಿಯ ಪೊರಕೆ ಇನ್ನೂ ಬಂದಿರಲಿಲ್ಲ. ಮೂಸಿದ್ದೇ ತಡ, ನನ್ನನ್ನೂ ಎಳೆದುಕೊಂಡು ಹಿಂದಿನ ಗಲ್ಲಿ ಹಿಡಿದು ಬಸ್ ಸ್ಟಾಪ್ ತನಕ ಹೋಗಿ ನಿಂತಿತು. ಅವನು ಅಲ್ಲಿಂದ ಗಾಡಿ ಹತ್ತಿದ್ದಾನೆ ಅಂತ ಗೊತ್ತಾಯಿತು. ತನಿಖೆಗೆ ಅದೂ ಒಂದು ದಾರಿಯೇ.

ಜಾಡು ಕೆಡದೆ ಉಳಿದರೆ? ದಾವಣಗೆರೆ ಪೊಲೀಸರ ನಾಯಿ ತುಂಗಾಳನ್ನು ನೆನಪಿಸಿಕೊಳ್ಳಿ. 2020ರಲ್ಲಿ ಒಂದು ಕೊಲೆ ಪ್ರಕರಣದಲ್ಲಿ ಸುಮಾರು 12 ಕಿ.ಮೀ. ಹೋಗಿ ಆರೋಪಿಯ ಸುಳಿವು ಕೊಟ್ಟಳು. ಅದಕ್ಕೇ ಮತ್ತೆ ಹೇಳೋದು, ಮುಟ್ಟಬೇಡಿ! ನೆಂಟರು, ಅಕ್ಕಪಕ್ಕದವರು ನೋಡೋಕೆ ಬಂದರೆ ಗೇಟಿನಿಂದಾಚೆಗೇ ನಿಲ್ಲಿಸಿ.

ಹ್ಯಾಂಡ್ಲರ್‌ಗಳ, ಅಂದರೆ ನನ್ನ ಹಾಗೆ ನಾಯಿ ಹಿಡಿದು ಕೆಲಸ ಮಾಡಿಸುವವರ ಬಗ್ಗೆ ಹೇಳೋದು ತುಂಬಾ ಇತ್ತು, ಸಮಯವಿಲ್ಲ. ನಮ್ಮ ಬೆಂಗಳೂರಿನ ಶ್ವಾನದಳ ಇರೋದು ಆಡುಗೋಡಿಯಲ್ಲಿ. ನಾಯಿಗೆ ತರಬೇತಿ ಕೊಡುವಾಗ ಹ್ಯಾಂಡ್ಲರ್‌ಗೂ ಜೊತೆಯಲ್ಲೇ ಆಗುತ್ತದೆ. ಬಾಂಬ್ ಹುಡುಕುವ ನಾಯಿ ಬೇರೆ, ಕಳ್ಳನ ಜಾಡು ಹಿಡಿಯುವ ನಾಯಿ ಬೇರೆ. ಬಾಂಬ್ ನಾಯಿಗೆ ವಾಸನೆ ಸಿಕ್ಕರೆ ಬೊಗಳಲ್ಲ, ಸುಮ್ನೆ ಕೂತುಬಿಡುತ್ತದೆ. ಮೆಜೆಸ್ಟಿಕ್‌ನಲ್ಲೋ ಕ್ರೀಡಾಂಗಣದಲ್ಲೋ ಅದು ಕೆಲಸದಲ್ಲಿರುವಾಗ ದಯವಿಟ್ಟು ಬಿಸ್ಕತ್ತು ತೋರಿಸಬೇಡಿ, ಸೆಲ್ಫಿಗೂ ಕರೆಯಬೇಡಿ. ಉಳಿದದ್ದು ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನಮಸ್ಕಾರ.