ಒಂದೇ ಮುಖದ ಗೂಢಚಾರ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಕಾಫಿ ಕಣದಲ್ಲಿ, ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತವರಿಗೂ ನಮಸ್ಕಾರ. ಇವತ್ತು ಜೇಮ್ಸ್ ಬಾಂಡ್ ಪಾತ್ರ ಮಾಡಿದ ನಟರ ಬಗ್ಗೆ ಮಾತು. ನಾನು ಹೇಳುವುದು ಒಂದೇ. ನಗುವುದಕ್ಕೊಂದು, ಕೊಲ್ಲುವುದಕ್ಕೊಂದು ಅಂತ ಗೂಢಚಾರನಿಗೆ ಎರಡು ಮುಖ ಇರಬಾರದು. ಒಂದೇ ಇರಬೇಕು.

ಇದನ್ನು ನನಗೆ ಕಲಿಸಿದ್ದು ಸಕಲೇಶಪುರದ ಕಡೆಯ ನಮ್ಮಜ್ಜಿ. ನೆಂಟರು ಬಂದರೆ ಜಗಲಿಗೇ ಬಂದು ಕಾಲಿಗೆ ನೀರು ಕೊಡುತ್ತಿದ್ದರು. "ಎಷ್ಟು ಸೊರಗಿದ್ದೀಯೋ ಮಗ" ಎಂದು ಕೆನ್ನೆ ಸವರುತ್ತಿದ್ದರು. ಮಾತಾಡುತ್ತಲೇ ಹಿತ್ತಲಿಗೆ ಹೋಗಿ ಅಕ್ಕಿ ಚೆಲ್ಲಿ "ಬಾ ಬಾ" ಎಂದು ಹುಂಜವನ್ನು ಕರೆಯುತ್ತಿದ್ದರು. ಅದೇ ಅಕ್ಕರೆಯ ದನಿ! ಅದು ಹತ್ತಿರ ಬಂದರೆ ಮುಗೀತು, ಕತ್ತು ಹಿಡಿದು ಒಂದೇ ತಿರುವು. ಕೈ ತೊಳೆದು ಬಂದು, ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಬದಲಾಗುತ್ತಿರಲಿಲ್ಲ. ಆಮೇಲೆ ಕಡುಬು, ಕೋಳಿಸಾರು. ನಾಟಕ ಕಲಿಯುವ ಹುಡುಗರಿಗೆ ನಾನು ಹೇಳುವುದು ಈ ಕಥೆಯನ್ನೇ. ಕೊಲ್ಲುವ ದೃಶ್ಯ ಬಂದ ಕೂಡಲೇ ಹುಬ್ಬು ಗಂಟಿಕ್ಕಿ ಹಲ್ಲು ಕಡಿಯಬೇಡ್ರಪ್ಪಾ ಅಂತ ಎಷ್ಟು ಸಲ ಹೇಳಬೇಕು!

1962ರ 'ಡಾ. ನೋ'ದಲ್ಲಿ ಶಾನ್ ಕಾನರಿಯನ್ನು ನೋಡಿ. ಕೊಲ್ಲಲು ಬರುವವನಿಗಾಗಿ ಇಸ್ಪೀಟು ಹರಡಿಕೊಂಡು ಕಾಯುತ್ತಾನೆ. ಬಂದವನು ಖಾಲಿ ಹಾಸಿಗೆಗೆ ಆರು ಗುಂಡು ಹಾರಿಸುತ್ತಾನೆ. ಬಾಂಡ್ ನಿಧಾನವಾಗಿ ಮಾತಿಗೆ ಎಳೆಯುತ್ತಾನೆ. ತನ್ನ ಕೈಯಿಂದ ಬಿದ್ದಿದ್ದ ಪಿಸ್ತೂಲನ್ನು ಆ ಮನುಷ್ಯ ಎತ್ತಿ ಒತ್ತಿದರೆ ಗುಂಡಿಲ್ಲ. ನಿನ್ನ ಆರೂ ಮುಗಿದವು ಎಂದು ಸಮಾಧಾನವಾಗಿ ಹೇಳಿ, ಬಾಂಡ್ ಅವನನ್ನು ಹೊಡೆದುಹಾಕುತ್ತಾನೆ. ಮುಖ ಅದೇ. ನಮ್ಮಜ್ಜಿಯ ಮುಖ!

ರೋಜರ್ ಮೂರ್ ಏಳು ಚಿತ್ರಗಳಲ್ಲಿ ಸೊಗಸಾಗಿ ನಕ್ಕರು. 1981ರ ಚಿತ್ರದಲ್ಲಿ ಬೆಟ್ಟದಂಚಿನಲ್ಲಿ ತೂಗುತ್ತಿದ್ದ ಕಾರನ್ನು, ಒಳಗೆ ವೈರಿ ಇರುವಾಗಲೇ, ಒದ್ದು ಉರುಳಿಸಬೇಕಿತ್ತು. ಇದು ನನ್ನ ಬಾಂಡ್ ಅಲ್ಲ ಎಂದು ಅವರು ಹಿಂಜರಿದರು. ಕೊನೆಗೆ ಒದ್ದರು. ಆದರೆ ಅಲ್ಲಿ ಬೇರೆ ಯಾರೋ ಬಂದು ಒದ್ದ ಹಾಗೆ ಕಾಣುತ್ತದೆ. ಮುಖ ಎರಡಾಯಿತು, ಅಲ್ವಾ? 1987ರಲ್ಲಿ ಬಂದ ಟಿಮೊಥಿ ಡಾಲ್ಟನ್‌ಗೆ ಕ್ರೌರ್ಯ ಚೆನ್ನಾಗಿ ಒಗ್ಗಿತು, ನಗು ಕಮ್ಮಿಯಾಯಿತು. 2006ರ ಡೇನಿಯಲ್ ಕ್ರೇಗ್ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಸಮಯ ಇಲ್ಲ.

ನಮ್ಮ ಅಣ್ಣಾವ್ರನ್ನು ಮಾತ್ರ ಬಿಡಲಾರೆ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕೊಟ್ಟ ಮುಖ ಅದು. 1968ರ 'ಜೇಡರ ಬಲೆ'ಯಲ್ಲಿ ಅದೇ ಮುಖ ಸಿ.ಐ.ಡಿ. 999 ಎಂಬ ಗೂಢಚಾರನಾಗಿ ಪಿಸ್ತೂಲು ಹಿಡಿಯಿತು. ಆ ಚಿತ್ರ ಸಿಕ್ಕರೆ ಇನ್ನೊಮ್ಮೆ ನೋಡಿ. ಪಿಸ್ತೂಲಿನ ಕಡೆ ಬೇಡ, ಮುಖದ ಕಡೆ ನೋಡಿ. ನಮಸ್ಕಾರ.