ಸಣ್ಣ ಅಣುಗಳನ್ನು ಬೆಳಕಿನಿಂದ ಗುರುತಿಸುವ ಆರ್‌ಎನ್‌ಎ

ಕೇಳುಗರಿಗೆ ನಮಸ್ಕಾರ.

ಜೀವಕೋಶದೊಳಗೆ ಪ್ರೋಟೀನೊಂದು ಎಲ್ಲಿದೆ ಎಂದು ನೋಡಲು, ಜೆಲ್ಲಿ ಮೀನಿನಲ್ಲಿ ಸಿಕ್ಕಿದ ಹಸಿರು ಹೊಳೆಯುವ ಪ್ರೋಟೀನನ್ನು ಅದಕ್ಕೆ ಜೋಡಿಸುವುದು ರೂಢಿ. 2008ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಈ ಪ್ರೋಟೀನಿನ ಕೆಲಸಕ್ಕೇ. ಆದರೆ ಕೋಶದ ಶಕ್ತಿಯ ವ್ಯವಹಾರದಲ್ಲಿ ಪಾಲ್ಗೊಳ್ಳುವ ಎಡಿಪಿಯಂಥ ಪುಟ್ಟ ಅಣುವಿಗೆ ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಹೊರೆಯನ್ನು ಅಂಟಿಸಿದರೆ ಅಣುವಿನ ಸ್ವಭಾವವೇ ಕೆಡುತ್ತದೆ. ಅಣು ತಾನಾಗಿ ಬಂದು ಕೂತಾಗ ಮಾತ್ರ ಬೆಳಗುವ ಸಂವೇದಕವೊಂದು ಬೇಕಿತ್ತು. ಆ ಕೆಲಸಕ್ಕೆ ಒದಗಿದ್ದು ಆರ್‌ಎನ್‌ಎ.

ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳು ಸಾಲಾಗಿ ಸೇರಿದ ಒಂಟಿ ಎಳೆಯ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಿಚಿಕೊಂಡಾಗ ಅದರಲ್ಲಿ ಕುಳಿಗಳು ಏರ್ಪಡುತ್ತವೆ. ನಿರ್ದಿಷ್ಟ ಅಣುವನ್ನು ಹಿಡಿಯಬಲ್ಲ ಎಳೆಗಳನ್ನು ಅಪಾರ ರಾಶಿಯಿಂದ ಆರಿಸುವ ವಿಧಾನ 1990ರಲ್ಲಿ ಬಂತು. ಹೀಗೆ ಆಯ್ದ ಎಳೆಗೆ ಆಪ್ಟಮರ್ ಎನ್ನುತ್ತಾರೆ. ಅದರ ಆಯ್ಕೆ ಎಷ್ಟು ನಿಷ್ಠುರವೆಂದರೆ, ಆಸ್ತಮಾದ ಔಷಧಿಯಾದ ಥಿಯೊಫಿಲಿನ್‌ಗೆಂದು ರೂಪಿಸಿದ ಆಪ್ಟಮರ್, ಒಂದೇ ಒಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ತುಣುಕು) ಹೆಚ್ಚಿರುವ ಕೆಫೀನನ್ನು, ಅಂದರೆ ನಮ್ಮ ಕಾಫಿಯ ಸತ್ವವನ್ನು, ಹತ್ತಿರಕ್ಕೂ ಸೇರಿಸುವುದಿಲ್ಲ.

2011ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸ್ಯಾಮಿ ಜಾಫ್ರಿ ತಂಡವು ಸ್ಪಿನಾಚ್ ಎಂಬ ಆಪ್ಟಮರನ್ನು ಪ್ರಕಟಿಸಿತು. ಅದು ಹಿಡಿಯುವ ಬಣ್ಣದ ಅಣು ಒಂಟಿಯಾಗಿದ್ದಾಗ ಒದ್ದಾಡುತ್ತ, ಪಡೆದ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಕುಳಿಯಲ್ಲಿ ಅಲುಗದಂತೆ ಸಿಕ್ಕಿಕೊಂಡಾಗ ಹಸಿರಾಗಿ ಬೆಳಗುತ್ತದೆ.

ಮರುವರ್ಷ ಅದೇ ತಂಡ, ಗುರುತಿಸಬೇಕಾದ ಅಣುವಿನ ಆಪ್ಟಮರನ್ನೂ ಸ್ಪಿನಾಚನ್ನೂ ಒಂದು ಪುಟ್ಟ ಕಾಂಡದಿಂದ, ಅಂದರೆ ಅಕ್ಷರಗಳು ಎದುರುಬದುರಾಗಿ ಜೋಡಿಯಾದ ಆರ್‌ಎನ್‌ಎ ತುಣುಕಿನಿಂದ, ಬೆಸೆಯಿತು. ನನ್ನ ಮಟ್ಟಿಗೆ ಈ ವಿನ್ಯಾಸದ ಜಾಣ್ಮೆಯೆಲ್ಲ ಇರುವುದು ಬೇಕೆಂದೇ ದುರ್ಬಲಗೊಳಿಸಿದ ಈ ಕಾಂಡದಲ್ಲಿ. ಅಣುವಿಲ್ಲದಾಗ ಕಾಂಡ ಸಡಿಲವಾಗಿದ್ದು ಸ್ಪಿನಾಚ್ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ. ಅಣು ಬಂದು ಕೂತೊಡನೆ ಕಾಂಡ ಬಿಗಿಯುತ್ತದೆ, ಕುಳಿ ಸಿದ್ಧವಾಗುತ್ತದೆ, ಬೆಳಕು ಬರುತ್ತದೆ. ಕಾಂಡ ಹೆಚ್ಚು ಗಟ್ಟಿಯಾದರೆ ಸಂವೇದಕ ಅಣುವಿಲ್ಲದೆಯೂ ಹೊಳೆಯುತ್ತದೆ, ತೀರ ಸಡಿಲವಾದರೆ ಅಣು ಬಂದರೂ ಎಚ್ಚರಗೊಳ್ಳುವುದಿಲ್ಲ; ಆದ್ದರಿಂದ ಕಾಂಡದ ಒಂದೆರಡು ಜೋಡಿ ಅಕ್ಷರಗಳನ್ನು ಬದಲಿಸಿ ಬದಲಿಸಿ ಪರೀಕ್ಷಿಸಬೇಕಾಗುತ್ತದೆ.

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಈ ಸಂವೇದಕಗಳು ಎಡಿಪಿಯನ್ನೂ ಕೋಶದಲ್ಲಿ ಮೀಥೈಲ್ ಗುಂಪುಗಳನ್ನು ಒದಗಿಸುವ ಎಸ್-ಅಡಿನೊಸಿಲ್ ಮೆಥಿಯೊನಿನ್ ಎಂಬ ಅಣುವನ್ನೂ ಗುರುತಿಸಿದವು. ಒಂದೇ ಆಹಾರ ಉಂಡ ಕೋಶಗಳಲ್ಲೂ ಎರಡನೆಯ ಅಣು ಒಂದೇ ವೇಗದಲ್ಲಿ ಶೇಖರವಾಗುವುದಿಲ್ಲ ಎಂಬುದು ಆಗ ಕಂಡಿತು. ಕೋಶಗಳನ್ನು ಒಡೆದು ಒಟ್ಟಿಗೆ ಅಳೆಯುವ ವಿಧಾನಗಳಿಗೆ ಈ ವ್ಯತ್ಯಾಸ ಸಿಗುವಂಥದ್ದಲ್ಲ.

ತೊಡಕುಗಳಿಲ್ಲವೆಂದಲ್ಲ. ಮೊದಲ ಸ್ಪಿನಾಚ್ ದೇಹದ ಉಷ್ಣತೆಯಲ್ಲಿ ಸರಿಯಾಗಿ ಮಡಿಚಿಕೊಳ್ಳುತ್ತಿರಲಿಲ್ಲ. ಅದನ್ನು ಸುಧಾರಿಸಲು ಸ್ಪಿನಾಚ್-2, ಬ್ರೊಕೊಲಿ ಎಂಬವು ಬಂದವು. ಅಲ್ಲದೆ ಬೆಳಕು ಹೆಚ್ಚಿದ್ದು ಅಣು ಹೆಚ್ಚಿದ್ದರಿಂದಲೋ, ಆ ಕೋಶದಲ್ಲಿ ಸಂವೇದಕವೇ ಹೆಚ್ಚು ತಯಾರಾದದ್ದರಿಂದಲೋ ಎಂಬ ಸಂಶಯ ಉಳಿಯುತ್ತದೆ. ಅದಕ್ಕಾಗಿ ಮತ್ತೊಂದು ಬಣ್ಣದ ಬೆಳಕನ್ನು ಅಳತೆಗೋಲಾಗಿ ಜೊತೆಗಿಟ್ಟು ಹೋಲಿಸಬೇಕಾಗುತ್ತದೆ.